ಬಿಲ್ಲುಂಡಿನ ಬಡಿಗ

ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ಒಂದು ಚಿತ್ರ. ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಿದರೆ ಅದು ಒಬ್ಬ ಮುದುಕಿಯ ಮುಖ. ಹಣೆಯ ಸುಕ್ಕು, ಕಣ್ಣಿನ ಹೊಳಪು, ತುಟಿಯ ಅಂಚಿನ ನಸುನಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ನಾಲ್ಕು ಹೆಜ್ಜೆ ಮುಂದೆ ಬಂದರೆ ಮುಖ ಕದಡುತ್ತದೆ. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರೆ ಮುಖವೇ ಇಲ್ಲ. ಬಿಳಿ, ಬೂದಿ, ಕಪ್ಪು ಬಣ್ಣದ ಸಣ್ಣ ಸಣ್ಣ ಚೌಕಗಳು ಮಾತ್ರ ಸಾಲುಗಟ್ಟಿ ಕುಳಿತಿರುತ್ತವೆ. ಒಂದೊಂದು ಚೌಕವೂ ಮಕ್ಕಳು ಮನೆ ಕಟ್ಟಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಯ ತುಣುಕು.

ತುಣುಕುಗಳನ್ನು ಜೋಡಿಸಿ ಚಿತ್ರ ಮಾಡುವ ಕಲೆ ಬಹಳ ಹಳೆಯದು. ಪ್ರಾಚೀನ ರೋಮನ್ನರು ಬಣ್ಣದ ಕಲ್ಲಿನ ಚೂರುಗಳಿಂದ ತಮ್ಮ ಮನೆಗಳ ನೆಲವನ್ನು ಅಲಂಕರಿಸಿದರು. ಇಟಲಿಯ ರಾವೆನ್ನ ನಗರದ ದೇವಾಲಯಗಳ ಗೋಡೆಗಳ ಮೇಲೆ ಗಾಜಿನ ಚೂರುಗಳಿಂದ ರಚಿಸಿದ ಮುಖಗಳು ಸುಮಾರು ಸಾವಿರದೈನೂರು ವರ್ಷಗಳಿಂದ ಇಂದಿಗೂ ಹೊಳೆಯುತ್ತಿವೆ. ಮೊಸಾಯಿಕ್ ಎಂದು ಕರೆಯುವುದು ಇದನ್ನೇ. ಕನ್ನಡನಾಡಿನವರಿಗೆ ಈ ಬಗೆಯ ಲೆಕ್ಕಾಚಾರ ಹೊಸತಲ್ಲ. ಧಾರವಾಡ ಬೆಳಗಾವಿಗಳ ಕಡೆಯ ಹೆಣ್ಣುಮಕ್ಕಳು ಸೀರೆಯ ಎಳೆಗಳನ್ನು ಎಣಿಸೆಣಿಸಿ ಕಸೂತಿ ಹಾಕುವಾಗ ಗೋಪುರ, ರಥ, ನವಿಲುಗಳು ಮೂಡುವುದೂ ಎಣಿಕೆಯ ಬಲದಿಂದಲೇ. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ.

ಆದರೆ ಕಲ್ಲಿನ ಚೂರಿಗೂ ಆಟಿಕೆಯ ಇಟ್ಟಿಗೆಗೂ ಒಂದು ಭೇದವಿದೆ. ಕಲ್ಲು ದೊಡ್ಡದಾದರೆ ಕಲೆಗಾರನು ಉಳಿಯಿಂದ ಕೊಂಚ ಕೆತ್ತಿ ಸರಿಮಾಡಿಕೊಳ್ಳುತ್ತಾನೆ. ಪ್ಲಾಸ್ಟಿಕ್ ಇಟ್ಟಿಗೆಯನ್ನು ಹಾಗೆ ಕೆತ್ತಲಾಗದು. ಅದು ಅಚ್ಚಿನಿಂದ ಹೊರಬೀಳುವಾಗಲೇ ಸರಿಯಾಗಿರಬೇಕು. ಒಂದು ಸರಿಯಾಗಿದ್ದರೆ ಸಾಲದು, ಸಾವಿರವೂ ಹಾಗೆಯೇ ಇರಬೇಕು. ಆಟಿಕೆಯ ವಿಷಯದಲ್ಲಿ ಇಷ್ಟೊಂದು ನಿಷ್ಠುರತೆ ಏಕೆಂದು ಯಾರಾದರೂ ಕೇಳಬಹುದು. ಈ ನಿಷ್ಠುರತೆಯ ಮೂಲವನ್ನು ಹುಡುಕಿದರೆ ನಾವು ತಲುಪುವುದು ಯಾವುದೋ ದೊಡ್ಡ ಯಂತ್ರಶಾಲೆಯನ್ನಲ್ಲ, ಡೆನ್ಮಾರ್ಕ್ ದೇಶದ ಒಂದು ಹಳ್ಳಿಯ ಬಡಗಿಮನೆಯನ್ನು. ಆ ಬಡಿಗನ ಹೆಸರು ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್.

ಓಲೆ ಕಿರ್ಕ್ ಹುಟ್ಟಿದ್ದು 1891ನೆಯ ಇಸವಿ ಏಪ್ರಿಲ್ 7ರಂದು, ಜಟ್ಲಂಡ್ ಪ್ರಾಂತದ ಫಿಲ್ಸ್ಕೋವ್ ಎಂಬ ಹಳ್ಳಿಯ ಸಮೀಪದಲ್ಲಿ. ಬಡ ಒಕ್ಕಲು ಮನೆತನ. ಮನೆ ತುಂಬ ಮಕ್ಕಳು. ಹದಿನಾಲ್ಕನೆಯ ವಯಸ್ಸಿಗೇ ಅವನು ಅಣ್ಣನ ಕೈಕೆಳಗೆ ಮರಗೆಲಸ ಕಲಿಯತೊಡಗಿದನು. ಕೆಲಸ ಕೈಹತ್ತಿದ ಮೇಲೆ ಕೆಲವು ವರ್ಷ ಜರ್ಮನಿಯಲ್ಲಿಯೂ ನಾರ್ವೆಯಲ್ಲಿಯೂ ದುಡಿದನು. ನಾರ್ವೆಯಲ್ಲಿದ್ದಾಗಲೇ ಕಿರ್ಸ್ಟಿನೆ ಎಂಬ ತರುಣಿಯ ಪರಿಚಯವಾಯಿತು. 1916ರಲ್ಲಿ ಊರಿನ ಕಡೆಗೆ ಮರಳಿ, ಅವಳನ್ನು ಮದುವೆಯಾಗಿ, ಕೂಡಿಟ್ಟ ಹಣದಿಂದ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಒಂದು ಬಡಗಿಮನೆಯನ್ನು ಕೊಂಡನು.

ನಮ್ಮ ರಾಮದುರ್ಗ ತಾಲೂಕಿನ ಸಾಲಹಳ್ಳಿಯಂಥ ಊರಿನಲ್ಲಿ ಬಡಿಗನಿಗೆ ಯಾವ ಸ್ಥಾನವಿತ್ತೋ ಬಿಲ್ಲುಂಡಿನಲ್ಲಿ ಓಲೆ ಕಿರ್ಕ್‌ನಿಗೂ ಹೆಚ್ಚುಕಡಿಮೆ ಅದೇ ಸ್ಥಾನ. ಇಲ್ಲಿ ರಂಟೆ, ಕುಂಟೆ, ಕೂರಿಗೆ, ಚಕ್ಕಡಿಗಳಿಗೆ ರೈತನು ಬಡಿಗನ ಮನೆಯ ಮುಂದೆ ನಿಲ್ಲುತ್ತಿದ್ದನು. ಸುಗ್ಗಿಯಾದ ಮೇಲೆ ಅವನ ಆಯವನ್ನು ಕಾಳಿನ ರೂಪದಲ್ಲಿ ಅಳೆದುಕೊಡುತ್ತಿದ್ದನು. ಅಲ್ಲಿ ಮನೆಯ ಬಾಗಿಲು, ಕಿಟಕಿ, ಏಣಿ, ಮಣೆಗಳಿಗೆ ಸುತ್ತಲಿನ ಒಕ್ಕಲಿಗರು ಓಲೆ ಕಿರ್ಕ್‌ನ ಬಳಿಗೆ ಬರುತ್ತಿದ್ದರು. ಒಕ್ಕಲಿಗನ ಕಣಜ ತುಂಬಿದರೆ ಬಡಿಗನ ಒಲೆ ಉರಿಯಬೇಕು. ಕಣಜ ಬರಿದಾದರೆ ಮೊದಲು ನಿಲ್ಲುವುದು ಬಡಿಗನ ಕೆಲಸ. ಈ ಮಾತಿನ ಅರ್ಥ ಓಲೆ ಕಿರ್ಕ್‌ನಿಗೆ ಮುಂದೆ ಚೆನ್ನಾಗಿ ತಿಳಿಯಲಿತ್ತು.

ಅದಕ್ಕೂ ಮುಂಚೆ ಬೆಂಕಿ ಬಂದಿತು. 1924ರಲ್ಲಿ ಒಂದು ದಿನ ಅವನ ಇಬ್ಬರು ಚಿಕ್ಕ ಗಂಡುಮಕ್ಕಳು ಬಡಗಿಮನೆಯಲ್ಲಿ ಆಡುತ್ತಿದ್ದಾಗ ಅವರ ಕೈಯಿಂದ ಮರದ ಹೆರೆತಕ್ಕೆ ಕಿಡಿ ತಗುಲಿತು. ನೋಡನೋಡುತ್ತಿದ್ದಂತೆ ಬಡಗಿಮನೆಯೂ ಅದಕ್ಕೆ ಅಂಟಿಕೊಂಡಿದ್ದ ವಾಸದ ಮನೆಯೂ ಬೂದಿಯಾದವು. ಇನ್ನೊಬ್ಬನಾಗಿದ್ದರೆ ಒಂದು ಗುಡಿಸಲನ್ನು ಎತ್ತಿ ನಿಲ್ಲಿಸಿ ಹೇಗೋ ದಿನ ನೂಕುತ್ತಿದ್ದನು. ಓಲೆ ಕಿರ್ಕ್ ಮೊದಲಿಗಿಂತ ದೊಡ್ಡ ಕಟ್ಟಡವನ್ನೇ ಕಟ್ಟಿಸಿದನು. ಆ ಮನೆ ಬಿಲ್ಲುಂಡಿನಲ್ಲಿ ಈಗಲೂ ಇದೆ. ಬಾಗಿಲ ಇಕ್ಕೆಲದಲ್ಲಿ ಕುಳಿತ ಎರಡು ಸಿಂಹಗಳಿಂದಾಗಿ ಅದಕ್ಕೆ ಸಿಂಹದ ಮನೆ ಎಂದೇ ಹೆಸರು. ಮನೆಯೇನೋ ಎದ್ದಿತು, ಆದರೆ ಅದರೊಡನೆ ಸಾಲದ ಹೊರೆಯೂ ಬಂದಿತು.

1929ರಲ್ಲಿ ಅಮೆರಿಕದಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟು ಕೆಲಕಾಲದಲ್ಲಿಯೇ ಡೆನ್ಮಾರ್ಕಿನ ಹಳ್ಳಿಗಳನ್ನು ಮುಟ್ಟಿತು. ಒಕ್ಕಲಿಗರ ಬೆಣ್ಣೆಗೆ, ಮಾಂಸಕ್ಕೆ, ಕಾಳಿಗೆ ಬೆಲೆ ಕುಸಿಯಿತು. ಹೊಸ ಮನೆ ಕಟ್ಟುವವರಿಲ್ಲ, ಹಳೆಯ ಬಾಗಿಲನ್ನು ಬದಲಿಸುವವರೂ ಇಲ್ಲ. ಕೆಲಸಗಾರರನ್ನು ಒಬ್ಬೊಬ್ಬರಾಗಿ ಬಿಡಿಸಬೇಕಾಯಿತು. ಇದೇ ಸಮಯದಲ್ಲಿ, 1932ರಲ್ಲಿ, ಕಿರ್ಸ್ಟಿನೆ ತೀರಿಕೊಂಡಳು. ನಾಲ್ವರು ಗಂಡುಮಕ್ಕಳು, ಮೌನವಾದ ಬಡಗಿಮನೆ, ತೀರದ ಸಾಲ. ನಲವತ್ತೊಂದನೆಯ ವಯಸ್ಸಿನಲ್ಲಿ ಓಲೆ ಕಿರ್ಕ್‌ನ ಪಾಲಿಗೆ ಉಳಿದದ್ದು ಇಷ್ಟು.

ಮನೆ ಕಟ್ಟುವ ಮರವನ್ನು ಕೊಳ್ಳುವವರಿಲ್ಲದಾಗ ಅವನು ಕೈಗೆತ್ತಿಕೊಂಡದ್ದು ಸಣ್ಣ ಸಾಮಾನುಗಳನ್ನು: ಏಣಿ, ಮಣೆ, ಬಟ್ಟೆಗೆ ಇಸ್ತ್ರಿ ಹಾಕುವ ಹಲಗೆ, ಅವುಗಳ ಜೊತೆಗೆ ಮರದ ಆಟಿಕೆ. ಬಂಡಿ, ಮೋಟಾರು, ಪ್ರಾಣಿಗಳು, ದಾರ ಕಟ್ಟಿ ಎಳೆಯುವ ಬಾತುಕೋಳಿ. ಬಂಧುಗಳಿಗೆ ಇದು ಸರಿಬೀಳಲಿಲ್ಲ. ಕೈಯಲ್ಲಿ ಕಸಬುಳ್ಳ ಗಂಡಸು ಮಕ್ಕಳ ಆಟದ ಸಾಮಾನು ಮಾಡುತ್ತ ಕೂರುವುದೇ ಎಂಬುದು ಅವರ ಆಕ್ಷೇಪ. ಆದರೂ ಓಲೆ ಕಿರ್ಕ್ ಒಡಹುಟ್ಟಿದವರಿಂದ ಸಾಲ ಪಡೆದು ಆಟಿಕೆಯ ಕೆಲಸವನ್ನೇ ಮುಂದುವರಿಸಿದನು. ಹಣ ಕೊಡಲಾಗದ ಒಕ್ಕಲಿಗರು ಕೆಲವೊಮ್ಮೆ ಆಹಾರ ಪದಾರ್ಥ ಕೊಟ್ಟು ಮಕ್ಕಳಿಗೆ ಆಟಿಕೆ ಒಯ್ಯುತ್ತಿದ್ದರು. ಒಂದು ಕಾಲಕ್ಕೆ ದಾರದ ಮೇಲೆ ಏರಿಳಿಯುವ ಯೋ-ಯೋ ಎಂಬ ಆಟಿಕೆಯ ಹುಚ್ಚು ಎಲ್ಲೆಡೆ ಹಬ್ಬಿತು. ಅವನೂ ಬಹಳಷ್ಟು ಮಾಡಿದನು. ಹುಚ್ಚು ಬಂದಷ್ಟೇ ಬೇಗ ಇಳಿಯಿತು, ಮಾರಾಟವಾಗದ ಯೋ-ಯೋಗಳ ರಾಶಿ ಉಳಿಯಿತು. ಅವನು ಅವನ್ನು ಒಲೆಗೆ ಹಾಕಲಿಲ್ಲ. ಎರಡಾಗಿ ಸೀಳಿ ಆಟದ ಮೋಟಾರುಗಳಿಗೆ ಗಾಲಿಗಳನ್ನಾಗಿ ಮಾಡಿದನು.

ಇದೇ ದಶಕದ ನಡುವೆ ಅವನು ತನ್ನ ಕೆಲಸಕ್ಕೆ ಒಂದು ಹೆಸರು ಹುಡುಕತೊಡಗಿದನು. ಒಳ್ಳೆಯ ಹೆಸರು ಸೂಚಿಸಿದವರಿಗೆ ಮನೆಯಲ್ಲಿ ತಯಾರಿಸಿದ ದ್ರಾಕ್ಷಾರಸದ ಸೀಸೆಯೊಂದನ್ನು ಬಹುಮಾನವಾಗಿ ಇಟ್ಟು, ಕೊನೆಗೆ ತಾನೇ ಸೂಚಿಸಿದ ಹೆಸರನ್ನು ಆರಿಸಿಕೊಂಡನಂತೆ. ಚೆನ್ನಾಗಿ ಆಡು ಎಂಬ ಅರ್ಥದ ಎರಡು ಡೇನಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಆ ಹೆಸರೇ ಲೆಗೊ. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ಕೂಡಿಸುತ್ತೇನೆ ಎಂಬ ಅರ್ಥವೂ ಬರುತ್ತದೆಂಬುದು ಆಗ ಅವನ ಅರಿವಿಗೆ ಬಂದಿರಲಿಲ್ಲ.

ಓಲೆ ಕಿರ್ಕ್‌ನ ಗುಣವನ್ನು ತಿಳಿಯಲು ಒಂದು ಘಟನೆ ಸಾಕು. ಮರದ ಬಾತುಕೋಳಿಗಳಿಗೆ ಮೂರು ಸಲ ವಾರ್ನಿಷು ಬಳಿಯುವುದು ಅವನ ಕಟ್ಟಳೆ. ಮೂರನೆಯ ಮಗ ಗಾಟ್‌ಫ್ರೆಡ್ ಹನ್ನೆರಡನೆಯ ವಯಸ್ಸಿನಿಂದಲೇ ತಂದೆಯ ಜೊತೆಗೆ ಕೆಲಸಕ್ಕೆ ನಿಂತಿದ್ದನು. ಒಂದು ಸಲ ಅವನು ಬಾತುಕೋಳಿಗಳಿಗೆ ಎರಡೇ ಸಲ ವಾರ್ನಿಷು ಬಳಿದು, ಪೆಟ್ಟಿಗೆಗಳಲ್ಲಿ ತುಂಬಿ, ರೈಲು ನಿಲ್ದಾಣಕ್ಕೆ ಮುಟ್ಟಿಸಿ ಬಂದನು. ಸಂಜೆ ತಂದೆಯ ಮುಂದೆ ನಿಂತು, ಇಂದು ಸಂಸ್ಥೆಗೆ ಇಷ್ಟು ಹಣ ಉಳಿಸಿದೆನೆಂದು ಹೆಮ್ಮೆಯಿಂದ ತಿಳಿಸಿದನು. ಎರಡು ಸಲ ಬಳಿದದ್ದಕ್ಕೂ ಮೂರು ಸಲ ಬಳಿದದ್ದಕ್ಕೂ ಇರುವ ಅಂತರ ಕೊಳ್ಳುವವರ ಕಣ್ಣಿಗೆ ಬೀಳುವಂಥದಲ್ಲ. ಆಡುವ ಕೂಸಿಗಂತೂ ತಿಳಿಯದು. ತಂದೆ ಹೊಗಳಲಿಲ್ಲ. ಕೂಡಲೇ ನಿಲ್ದಾಣಕ್ಕೆ ಹೋಗಿ ಪೆಟ್ಟಿಗೆಗಳನ್ನು ಹಿಂದಕ್ಕೆ ತರಬೇಕೆಂದೂ, ಮೂರನೆಯ ಸಲದ ವಾರ್ನಿಷನ್ನು ರಾತ್ರಿಯೆಲ್ಲ ಕುಳಿತಾದರೂ ಒಬ್ಬನೇ ಬಳಿದು ಮುಗಿಸಬೇಕೆಂದೂ ಅಪ್ಪಣೆ ಮಾಡಿದನು. ಹುಡುಗ ಹಾಗೆಯೇ ಮಾಡಿದನು. ಈ ಪ್ರಸಂಗವನ್ನು ಲೋಕಕ್ಕೆ ತಿಳಿಸಿದವನು ಆ ಮಗನೇ. ದೊಡ್ಡವನಾಗಿ ತಂದೆಯ ಸ್ಥಾನಕ್ಕೆ ಬಂದ ಮೇಲೂ ಅವನು ಇದನ್ನು ಮರೆಯಲಿಲ್ಲ. ಅತ್ಯುತ್ತಮವಾದುದಕ್ಕಿಂತ ಕಡಿಮೆಯಾದುದು ಸಾಲದು ಎಂಬ ಅರ್ಥದ ಮಾತನ್ನು ಅವನೇ ಮರದ ಹಲಗೆಯ ಮೇಲೆ ಕೊರೆದು ಗೋಡೆಗೆ ತೂಗುಹಾಕಿದ್ದನು.

ಮಗುವಿಗೆ ತಿಳಿಯದೆಂಬ ಕಾರಣಕ್ಕೇ ಹೆಚ್ಚು ಎಚ್ಚರ ವಹಿಸಬೇಕೆಂಬುದು ಓಲೆ ಕಿರ್ಕ್‌ನ ನಿಲುವು. ದೊಡ್ಡವರು ಕೆಟ್ಟ ಮಾಲನ್ನು ಹಿಂದಿರುಗಿಸಿ ಜಗಳವಾಡಬಲ್ಲರು. ಗಾಲಿ ಕಳಚಿದ ಬಂಡಿಯನ್ನು ಹಿಡಿದು ಅಳುವ ಮಗು ಯಾರ ಮುಂದೆ ದೂರು ಹೇಳಬೇಕು?

1942ರಲ್ಲಿ ಮತ್ತೆ ಬೆಂಕಿ. ಡೆನ್ಮಾರ್ಕ್ ಆಗ ಜರ್ಮನ್ ಸೈನ್ಯದ ವಶದಲ್ಲಿತ್ತು. ಕಾರ್ಖಾನೆಯೂ ವರ್ಷಗಳಿಂದ ಕೂಡಿಟ್ಟ ಆಟಿಕೆಗಳ ಮಾದರಿಗಳೂ ಸುಟ್ಟುಹೋದವು. ಐವತ್ತು ದಾಟಿದ್ದ ಓಲೆ ಕಿರ್ಕ್‌ನಿಗೆ ಈ ಸಲ ಕೈಬಿಡಬೇಕೆನಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ತನ್ನನ್ನು ನಂಬಿದ್ದ ಕೆಲಸಗಾರರ ಮನೆಗಳಿದ್ದವು. ಅವನು ಮತ್ತೆ ಕಟ್ಟಿದನು.

ಯುದ್ಧ ಮುಗಿಯಿತು. 1946ರಲ್ಲಿ ಅವನು ಕೈಗೊಂಡ ನಿರ್ಧಾರ ಮನೆಯವರನ್ನೇ ಬೆರಗುಗೊಳಿಸಿತು. ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ಒತ್ತುವ ಯಂತ್ರವೊಂದನ್ನು ಇಂಗ್ಲೆಂಡಿನಿಂದ ತರಿಸಲು ಅವನು ಮುಂದಾದನು. ಅದರ ಬೆಲೆ ಅವನ ಸಂಸ್ಥೆಯ ಶಕ್ತಿಗೆ ಬಹಳ ಭಾರವಾದುದು. ಮರದ ಆಟಿಕೆಯ ಸ್ಥಾನವನ್ನು ಪ್ಲಾಸ್ಟಿಕ್ ಎಂದೂ ಪಡೆಯಲಾರದೆಂಬುದು ಆಗಿನ ಅನೇಕರ ಎಣಿಕೆ, ಮಕ್ಕಳಿಗೂ ಸಂಶಯವೇ. ಜೀವಮಾನವೆಲ್ಲ ಕೀಸುಳಿ ಹಿಡಿದವನು ಪ್ಲಾಸ್ಟಿಕ್ಕಿಗೆ ಒಲಿದದ್ದೇಕೆ? ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಹಲಗೆಯಂತೆ ಇನ್ನೊಂದಿಲ್ಲ. ಅಚ್ಚು ಒಂದು ಸಲ ಸರಿಯಾದರೆ ಸಾವಿರ ತುಣುಕುಗಳೂ ಸರಿಯಾಗುತ್ತವೆ. ಒಬ್ಬ ಬಡಿಗನು ಇದನ್ನು ಕಂಡುಕೊಂಡದ್ದು ಅಚ್ಚರಿಯಲ್ಲ, ಏಕೆಂದರೆ ಮರದ ಮೊಂಡುತನವನ್ನು ಅವನಷ್ಟು ಬಲ್ಲವರು ಯಾರೂ ಇಲ್ಲ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ಇಟ್ಟಿಗೆಯ ಕಲ್ಪನೆ ಓಲೆ ಕಿರ್ಕ್‌ನದಲ್ಲ. ಇಂಗ್ಲೆಂಡಿನ ಹಿಲರಿ ಪೇಜ್ ಎಂಬವನು ತನ್ನ ಕಿಡ್ಡಿಕ್ರಾಫ್ಟ್ ಎಂಬ ಸಂಸ್ಥೆಯ ಮೂಲಕ ಅಂಥ ಇಟ್ಟಿಗೆಗಳನ್ನು ಮೊದಲೇ ಮಾಡಿದ್ದನು. ಪೇಜ್ ಮಕ್ಕಳು ಆಡುವ ಬಗೆಯನ್ನು ಬಹಳ ಕಾಲ ಗಮನಿಸಿ ಆಟಿಕೆ ರೂಪಿಸುತ್ತಿದ್ದ ಕುಶಲಿ. ಅವನ ಇಟ್ಟಿಗೆಗಳ ಮಾದರಿಗಳು ಓಲೆ ಕಿರ್ಕ್‌ನ ಕೈಸೇರಿದವು. ಅವನ್ನು ನೋಡಿ, ಅಳತೆಯಲ್ಲಿ ಅಷ್ಟಿಷ್ಟು ಮಾರ್ಪಾಡು ಮಾಡಿ, 1949ರಲ್ಲಿ ಬಿಲ್ಲುಂಡಿನ ಕಾರ್ಖಾನೆ ತನ್ನ ಇಟ್ಟಿಗೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಪೇಜ್ 1957ರಲ್ಲಿ ತೀರಿಕೊಂಡನು. ಆ ಹಳೆಯ ಇಟ್ಟಿಗೆಗೆ ಸಂಬಂಧಿಸಿದ ಹಕ್ಕುಗಳನ್ನು ಲೆಗೊ ಸಂಸ್ಥೆ ಕೊಂಡದ್ದು 1981ರಲ್ಲಿ. ಬಾತುಕೋಳಿಗೆ ಮೂರನೆಯ ಸಲದ ವಾರ್ನಿಷನ್ನು ಬಿಟ್ಟುಕೊಡದ ಮನುಷ್ಯನು ಈ ಋಣದ ವಿಷಯದಲ್ಲಿ ಅಷ್ಟೇ ಎಚ್ಚರ ವಹಿಸಿದ್ದರೆ ಅವನ ಕೀರ್ತಿ ಇನ್ನೂ ನಿರ್ಮಲವಾಗಿರುತ್ತಿತ್ತು.

ಆ ಮೊದಲ ಇಟ್ಟಿಗೆಗಳಲ್ಲಿ ಕೊರತೆಯೂ ಇತ್ತು. ಮೇಲೆ ದುಂಡನೆಯ ಉಬ್ಬುಗಳು, ಒಳಗೆ ಬರಿದು. ಒಂದರ ಮೇಲೊಂದು ಕೂರುತ್ತಿದ್ದವು, ಆದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿರಲಿಲ್ಲ. ಕಟ್ಟಿದ ಮನೆಯನ್ನು ಎತ್ತಿದರೆ ಗೋಡೆ ಕಳಚುತ್ತಿತ್ತು. ಮಾರಾಟವೂ ಹೇಳಿಕೊಳ್ಳುವಷ್ಟಿರಲಿಲ್ಲ. ವ್ಯವಹಾರದ ಭಾರವನ್ನು ಕ್ರಮೇಣ ಹೊತ್ತುಕೊಂಡ ಗಾಟ್‌ಫ್ರೆಡ್, ಬಿಡಿಬಿಡಿಯಾದ ಆಟಿಕೆಗಳಿಗಿಂತ ಒಂದಕ್ಕೊಂದು ಹೊಂದಿ ಬೆಳೆಯುತ್ತ ಹೋಗುವ ಒಂದು ವ್ಯವಸ್ಥೆ ಬೇಕೆಂದು ಕಂಡುಕೊಂಡು, 1955ರಲ್ಲಿ ಇಟ್ಟಿಗೆಗಳನ್ನೇ ನಡುವಿಟ್ಟು ಅದನ್ನು ಹೊರತಂದನು. ಹಿಡಿತದ ಸಮಸ್ಯೆಗೂ ಪರಿಹಾರ ದೊರೆಯಿತು. ಇಟ್ಟಿಗೆಯ ಒಳಗೆ ಟೊಳ್ಳಾದ ಕೊಳವೆಗಳನ್ನು ಸೇರಿಸಿದರೆ, ಕೆಳಗಿನ ಇಟ್ಟಿಗೆಯ ಉಬ್ಬುಗಳು ಕೊಳವೆಗೂ ಗೋಡೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ. ಅಂಟು ಬೇಡ, ಮೊಳೆ ಬೇಡ. ಎಳೆದರೆ ಮಗುವಿನ ಕೈಗೂ ಬಿಡಿಸಲು ಬರುತ್ತದೆ. 1958ನೆಯ ಇಸವಿ ಜನವರಿ 28ರಂದು ಇದರ ಹಕ್ಕಿಗಾಗಿ ಕೋಪನ್‌ಹೇಗನ್ನಿನಲ್ಲಿ ಅರ್ಜಿ ಸಲ್ಲಿಸಲಾಯಿತು.

ಅದಾದ ಆರು ವಾರಗಳಿಗೆ, ಮಾರ್ಚ್ 11ರಂದು, ಓಲೆ ಕಿರ್ಕ್ ಹೃದಯಾಘಾತದಿಂದ ಮರಣ ಹೊಂದಿದನು. ಅವನಿಗೆ ಆಗ ಅರವತ್ತಾರು ವರ್ಷ. 1960ರಲ್ಲಿ ಮರದ ಆಟಿಕೆಗಳ ವಿಭಾಗ ಮತ್ತೊಮ್ಮೆ ಬೆಂಕಿಗೆ ಆಹುತಿಯಾಯಿತು. ಮಕ್ಕಳು ಅದನ್ನು ಮತ್ತೆ ಎತ್ತಿ ನಿಲ್ಲಿಸಲಿಲ್ಲ. ಬಡಿಗನ ಬಾತುಕೋಳಿಗಳ ಕಾಲ ಅಲ್ಲಿಗೆ ಮುಗಿಯಿತು.

ಆದರೆ ಬಡಿಗನ ಕಟ್ಟಳೆ ಅಚ್ಚಿನೊಳಗೆ ಉಳಿಯಿತು. 1963ರಲ್ಲಿ ಇಟ್ಟಿಗೆಗೆ ಬಣ್ಣ ಮಾಸದ, ಆಕಾರ ಕೆಡದ ಬೇರೆ ಜಾತಿಯ ಪ್ಲಾಸ್ಟಿಕ್ ಬಂದಿತು. ಒಂದು ಉಬ್ಬಿನ ನಡುವಿನಿಂದ ಮುಂದಿನ ಉಬ್ಬಿನ ನಡುವಿಗೆ 8 ಮಿಲಿಮೀಟರ್. ಈ ಅಳತೆ ಇಂದಿಗೂ ಬದಲಾಗಿಲ್ಲ. ಅಚ್ಚಿನಲ್ಲಿ ತಲೆಗೂದಲಿನ ದಪ್ಪಕ್ಕಿಂತ ಕಡಿಮೆಯ ವ್ಯತ್ಯಾಸಕ್ಕೂ ಎಡೆಯಿಲ್ಲ. ಆದುದರಿಂದಲೇ 1958ರ ಅನಂತರ ಮಾಡಿದ ಒಂದು ಹಳೆಯ ಇಟ್ಟಿಗೆಯ ಮೇಲೆ ಇಂದಿನ ಇಟ್ಟಿಗೆ ಸರಿಯಾಗಿ ಕೂರುತ್ತದೆ. ಎಂಟು ಉಬ್ಬುಗಳ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಕೂಡಿಸಬಹುದು. ಅಂಥ ಆರು ಇಟ್ಟಿಗೆಗಳಿದ್ದರೆ ಕೂಡಿಸುವ ಬಗೆಗಳ ಸಂಖ್ಯೆ 91 ಕೋಟಿಯನ್ನು ದಾಟುತ್ತದೆ.

ಗೋಡೆಯ ಮೇಲಿನ ಮುದುಕಿಯ ಮುಖ ಸಾಧ್ಯವಾದದ್ದು ಈ ಅಳತೆಯ ಬಲದಿಂದ. ಅಂಥ ಚಿತ್ರವನ್ನು ಮಾಡುವವರು ಮೊದಲು ಒಂದು ಛಾಯಾಚಿತ್ರವನ್ನು ತೆಗೆದುಕೊಂಡು ಅದರ ಮೇಲೆ ಚೌಕಗಳ ಬಲೆಯನ್ನು ಎಳೆಯುತ್ತಾರೆ. ಉದ್ದಕ್ಕೆ 48, ಅಗಲಕ್ಕೆ 48 ಎಂದಿಟ್ಟುಕೊಂಡರೆ ಒಟ್ಟು 2304 ಚೌಕಗಳಾದವು. ಪ್ರತಿಯೊಂದು ಚೌಕದಲ್ಲಿ ಬೆಳಕೆಷ್ಟು ನೆರಳೆಷ್ಟು ಎಂದು ನೋಡಿ ಅದಕ್ಕೆ ಒಂದೇ ಒಂದು ಬಣ್ಣವನ್ನು ಗೊತ್ತುಮಾಡಬೇಕು. ಬಿಳಿ, ತಿಳಿಬೂದಿ, ಕಡುಬೂದಿ, ಕಪ್ಪು ಎಂಬ ನಾಲ್ಕೇ ಬಣ್ಣಗಳಿಂದಲೂ ಒಂದು ಮುಖ ಮೂಡುತ್ತದೆ. ಕಷ್ಟವಿರುವುದು ಕಣ್ಣಿನಲ್ಲಿ, ಕೆನ್ನೆಯಲ್ಲಿ ಹತ್ತು ತುಣುಕು ತಪ್ಪಿದರೂ ನಡೆದೀತು, ಕಣ್ಣಿನಲ್ಲಿ ಎರಡು ತಪ್ಪಿದರೆ ಬೇರೆಯವರ ಮುಖವಾಗುತ್ತದೆ. ಬಣ್ಣಬಣ್ಣದ ತುಣುಕುಗಳನ್ನು ಎಣಿಸಿ ಬೇರೆಬೇರೆಯಾಗಿ ಇಟ್ಟುಕೊಂಡು, ಒಂದು ಮೂಲೆಯಿಂದ ಆರಂಭಿಸಿ ಸಾಲುಸಾಲಾಗಿ ಹಲಗೆಯ ಮೇಲೆ ಒತ್ತುತ್ತ ಹೋಗಬೇಕು. ನಡುನಡುವೆ ಎದ್ದು ದೂರ ಹೋಗಿ ನೋಡಬೇಕು, ಏಕೆಂದರೆ ಕೈಯಳತೆಯ ದೂರದಲ್ಲಿ ತಪ್ಪು ಕಾಣಿಸುವುದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ. ಒಂದೊಂದು ತುಣುಕೂ 8 ಮಿಲಿಮೀಟರಿಗಿಂತ ಎಳ್ಳಷ್ಟು ಕಡಿಮೆಯಿದ್ದರೆ ಮಾತ್ರ ಪಕ್ಕದ ತುಣುಕಿಗೆ ಎಡೆ ದೊರೆಯುತ್ತದೆ. ಅದು 8.1 ಮಿಲಿಮೀಟರ್ ಆದರೆ ಕಣ್ಣಿಗೆ ತಿಳಿಯದು. ಆದರೆ 48 ತುಣುಕುಗಳ ಸಾಲಿನಲ್ಲಿ ಈ ಹೆಚ್ಚಳ 4.8 ಮಿಲಿಮೀಟರ್ ಆಗುತ್ತದೆ. ಅಂದರೆ ಅರ್ಧ ತುಣುಕಿಗಿಂತ ಹೆಚ್ಚು. ಸಾಲಿನ ಕೊನೆಯ ತುಣುಕುಗಳು ತಮ್ಮ ಉಬ್ಬಿನ ಮೇಲೆ ಕೂರುವುದೇ ಇಲ್ಲ. ಮೂರನೆಯ ಸಲದ ವಾರ್ನಿಷಿನಂತೆ ಇದೂ ಒಂದು ತುಣುಕನ್ನು ನೋಡಿದವರ ಕಣ್ಣಿಗೆ ಬೀಳದ ವಿಷಯ.

ಹವ್ಯಾಸಿಗಳು ಬಹುಕಾಲದಿಂದ ಮಾಡುತ್ತಿದ್ದ ಈ ಕೆಲಸವನ್ನು ಕಂಡು, 2020ರಲ್ಲಿ ಲೆಗೊ ಸಂಸ್ಥೆಯೇ ಗೋಡೆಗೆ ತೂಗುಹಾಕುವ ಚಿತ್ರಗಳ ಪೆಟ್ಟಿಗೆಗಳನ್ನು ಹೊರತಂದಿತು. ಉದ್ದಕ್ಕೂ ಅಗಲಕ್ಕೂ 16 ಉಬ್ಬುಗಳುಳ್ಳ ಒಂಬತ್ತು ಹಲಗೆಗಳನ್ನು ಕೂಡಿಸಿದರೆ ಅದೇ 48 ಗುಣಿಸು 48ರ ಚೌಕ ದೊರೆಯುತ್ತದೆ. ಅದರ ಚೌಕಟ್ಟು ಕೂಡ ಇಟ್ಟಿಗೆಗಳದೇ.

ತಾವೇ ಚಿತ್ರ ರಚಿಸುವವರಲ್ಲಿ ಹಲವರು ಚೌಕಟ್ಟಿಗೆ ಮರವನ್ನೇ ಬಯಸುತ್ತಾರೆ. 48 ಉಬ್ಬುಗಳ ಚಿತ್ರದ ಒಂದು ಬದಿ 384 ಮಿಲಿಮೀಟರ್. ಚಿತ್ರದ ಹಲಗೆಯನ್ನು ಬಾಗದಂತೆ ಪ್ಲೈವುಡ್ಡಿನ ಮೇಲೆ ಅಂಟಿಸುತ್ತಾರೆ. ಮರದ ಪಟ್ಟಿಗಳನ್ನು ಮೂಲೆಗಳಲ್ಲಿ 45 ಅಂಶ ಓರೆಯಾಗಿ ಕೊಯ್ದು ಕೂಡಿಸುತ್ತಾರೆ. ಇಟ್ಟಿಗೆಗಳು ಕಾಗದದ ಚಿತ್ರದಂತೆ ತೆಳ್ಳಗಿರುವುದಿಲ್ಲವಾದ್ದರಿಂದ ಪಟ್ಟಿಯ ಒಳಗಾಡಿ ಆಳವಾಗಿರಬೇಕು. ಗಾಜು ಹಾಕುವುದಾದರೆ ಅದು ಉಬ್ಬುಗಳಿಗೆ ತಾಗಬಾರದು. ಮಳೆಗಾಲದಲ್ಲಿ ಮರ ಉಬ್ಬಿ ಚಿತ್ರವನ್ನು ಒತ್ತದಿರಲೆಂದು ಒಳಗಿನ ಅಳತೆಯನ್ನು ಎರಡು ಮೂರು ಮಿಲಿಮೀಟರ್ ಹೆಚ್ಚಾಗಿಯೇ ಇಡಬೇಕು. ಎಷ್ಟು ಹೆಚ್ಚು ಎಂಬುದನ್ನು ಆ ಮರದ ಜಾತಿಯನ್ನು ಬಲ್ಲ ಬಡಿಗನೇ ಹೇಳಬೇಕು.